ಜೋಮು ಹಿಡಿಯುವ ಕೈಗೆ ಅಳತೆಯ ಪರೀಕ್ಷೆ

(ರೈತರ ಮಾಸಿಕ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಹೋದ ತಿಂಗಳು ಹಸುರೆಲೆ ಗೊಬ್ಬರದ ವಿಷಯ ಮಾತನಾಡಿದ್ದೆ. ಈ ಸಲ ಭತ್ತದ ಸಸಿಮಡಿಯ ವಿಷಯ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ಅದನ್ನು ಮುಂದಿನ ಸಭೆಗೆ ಸರಿಸಲು ತಮ್ಮ ಅಪ್ಪಣೆ ಬೇಡುತ್ತೇನೆ. ಕಳೆದ ವಾರ ಬಿತ್ತನೆ ಬೀಜದ ಪಟ್ಟಿ ಬರೆದುಕೊಳ್ಳಲು ಮನೆಮನೆಗೆ ಹೋದಾಗ, ಮೂರು ಮನೆಗಳಲ್ಲಿ ಮೂವರು ತಾಯಂದಿರು ಒಂದೇ ಮಾತು ಹೇಳಿದರು: "ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ, ಕೊಡವಿಕೊಂಡರೆ ಸರಿಹೋಗುತ್ತದೆ." ಮೂವರೂ ಹಾಲು ಕರೆಯುವವರು. ಮೂವರಲ್ಲಿ ಒಬ್ಬರೂ ಇದನ್ನು ಡಾಕ್ಟರಿಗೆ ಹೇಳಿರಲಿಲ್ಲ. ಅದನ್ನು ಕೇಳಿದ ಮೇಲೆ ಸಸಿಮಡಿಯ ಮಾತಾಡಲು ನನಗೆ ಮನಸ್ಸು ಬರಲಿಲ್ಲ.

ನಾನು ವೈದ್ಯನಲ್ಲ. ಕೃಷಿ ಡಿಪ್ಲೊಮಾ ಓದಿದವನು. ಆದರೆ ಅಳತೆ ಎಂದರೇನೆಂಬುದನ್ನು ಆ ಓದಿನಲ್ಲಿಯೇ ಕಲಿತೆ. ಒಂದು ದಿನ ನಮ್ಮ ಮೇಷ್ಟ್ರು ಹೊಲದ ಮಣ್ಣು ತರಿಸಿ, ಹತ್ತು ಹುಡುಗರ ಕೈಗೂ ಒಂದೊಂದು ಹಿಡಿ ಕೊಟ್ಟು, ಹದ ಎಷ್ಟಿದೆ ಹೇಳಿ ಎಂದರು. ಹಿಸುಕಿ ಉಂಡೆ ಕಟ್ಟಿ ನೋಡಿದೆವು. ಒಬ್ಬ ನೀರು ಬೇಕು ಎಂದ, ಇನ್ನೊಬ್ಬ ಬೇಡ ಎಂದ, ನಾನು ನಾಳೆ ಹಾಯಿಸಬಹುದು ಎಂದೆ. ಮಣ್ಣು ಒಂದೇ. ಹಿಸುಕಿದ ಬಲ ಹತ್ತು ಬಗೆ. ಆಮೇಲೆ ಮೇಷ್ಟ್ರು ಅದೇ ಮಣ್ಣನ್ನು ತೂಗಿ, 105 ಡಿಗ್ರಿ ಶಾಖದ ಒಲೆಯಲ್ಲಿ 24 ಗಂಟೆ ಇಟ್ಟು ಒಣಗಿಸಿ, ಮತ್ತೆ ತೂಗಿಸಿದರು. ಕಡಿಮೆಯಾದ ತೂಕವೇ ನೀರು. ಯಾರು ತೂಗಿದರೂ ಲೆಕ್ಕ ಒಂದೇ ಬಂತು. ಹಾಗೆಂದು ಅನುಭವಸ್ಥ ರೈತನ ಕೈಯನ್ನು ನಾನು ಹಳಿಯುತ್ತಿಲ್ಲ. ಅವನ ಕೈ ನಮ್ಮ ಕೈಗಿಂತ ನೂರು ಪಾಲು ಮೇಲು. ಆದರೆ ಅವನ ಕೈಯನ್ನು ಪಕ್ಕದ ಊರಿಗೆ ಕಳಿಸಿಕೊಡಲು ಬರುವುದಿಲ್ಲ, ಲೆಕ್ಕವನ್ನು ಕಳಿಸಿಕೊಡಬಹುದು.

ಈ ಪಾಠ ನಮ್ಮ ಮನೆಯಲ್ಲಿಯೇ ಬೇಕಾಗುತ್ತದೆಂದು ಅಂದು ತಿಳಿದಿರಲಿಲ್ಲ.

ನಮ್ಮದು ಮಲೆನಾಡಿನ ಕಡೆ. ನಮ್ಮ ತಾಯಿ ಎರಡು ಎಮ್ಮೆ, ಒಂದು ಹಸುವಿನ ಹಾಲನ್ನು ಬೆಳಿಗ್ಗೆ ಸಂಜೆ ಕರೆಯುವವರು. ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ನಡುರಾತ್ರಿಯವರೆಗೆ ಅಡಿಕೆ ಸುಲಿಯುವವರು. ಮೊದಲು ಬಲಗೈಗೆ ರಾತ್ರಿ ಜೋಮು ಬಂತು. ಕೊಬ್ಬರಿ ಎಣ್ಣೆ ಹಚ್ಚಿದೆವು. ತಿಂಗಳುಗಟ್ಟಲೆ ಹೋಗದಿದ್ದಾಗ ಡಾಕ್ಟರಲ್ಲಿಗೆ ಕರೆದೊಯ್ದೆ. ಅವರು ಮಣಿಕಟ್ಟಿನ ಮೇಲೆ ಬೆರಳಿನಿಂದ ಮೆಲ್ಲಗೆ ಎರಡು ಸಲ ತಟ್ಟಿ, "ಜುಮ್ಮೆನ್ನುತ್ತದೆಯೇ?" ಎಂದರು. ಅಮ್ಮ ಇಲ್ಲ ಎಂದರು. ಶಕ್ತಿಯ ಮಾತ್ರೆ ಬರೆದುಕೊಟ್ಟರು. ಆರು ತಿಂಗಳ ಮೇಲೆ ಬೇರೊಬ್ಬರ ಬಳಿ ಹೋದೆವು. ಅವರು ರಬ್ಬರಿನ ಸುತ್ತಿಗೆಯಿಂದ ಬಲವಾಗಿ ಹೊಡೆದರು. ಅಮ್ಮ ಕುಳಿತಲ್ಲೇ ಬೆಚ್ಚಿ ಬಿದ್ದರು. "ನರ ಒತ್ತಿಕೊಂಡಿದೆ, ಕೊಯ್ಯಬೇಕು" ಎಂದರು. ನಾವು ಹೆದರಿ ಮೂರನೆಯವರಲ್ಲಿಗೆ ಓಡಿದೆವು. ಅವರು ಕೈಯನ್ನು ಮಣಿಕಟ್ಟಿನಲ್ಲಿ ಒಳಗೆ ಮಡಿಸಿ, ಯಾವೂರು, ಎಷ್ಟು ಎಕರೆ ಎಂದು ವಿಚಾರಿಸುತ್ತಾ, ನಾನು ಮನಸ್ಸಿನಲ್ಲಿ ಹತ್ತು ಎಣಿಸುವುದರೊಳಗೆ ಬಿಟ್ಟುಬಿಟ್ಟರು. "ಏನೂ ಇಲ್ಲ, ವಯಸ್ಸಿನದು" ಎಂದರು. ನಾವು ಸಂತೋಷದಿಂದ ಮನೆಗೆ ಬಂದೆವು.

ಆ ಸಂತೋಷಕ್ಕೆ ಒಂದೂವರೆ ವರ್ಷ ತೆತ್ತೆವು. ಬರಬರುತ್ತಾ ಅಮ್ಮನಿಗೆ ರವಿಕೆಯ ಗುಂಡಿ ಹಾಕಿಕೊಳ್ಳಲು ಆಗದಾಯಿತು. ಸುಲಿದ ಅಡಿಕೆ ಬೆರಳಿನಿಂದ ಜಾರಿ ಬೀಳತೊಡಗಿತು. ಹೆಬ್ಬೆರಳಿನ ಬುಡದಲ್ಲಿ ಉಬ್ಬಿರಬೇಕಾದ ಮಾಂಸ ಇಳಿದು ಅಲ್ಲಿ ಗುಳಿ ಬಿತ್ತು. ನಾಲ್ಕನೆಯ ಡಾಕ್ಟರು ಮೊದಲು ಮಾಡಿದ ಕೆಲಸ, ಗಡಿಯಾರವನ್ನು ಮೇಜಿನ ಮೇಲಿಟ್ಟು ಒಂದು ಕಾಗದ ತೆಗೆದುಕೊಂಡದ್ದು. ಮೂರನೆಯವರು ಮಾಡಿದ ಪರೀಕ್ಷೆಯನ್ನೇ ಮಾಡಿದರು, ಆದರೆ ಪೂರ್ತಿ 60 ಸೆಕೆಂಡು ಮಾಡಲು ಸಿದ್ಧರಾಗಿ ಕುಳಿತರು. 22ನೆಯ ಸೆಕೆಂಡಿಗೆ ಅಮ್ಮ "ಬಂತು" ಎಂದರು. ಅದನ್ನು ಬರೆದುಕೊಂಡರು. ಕೊನೆಗೆ ಶಸ್ತ್ರಚಿಕಿತ್ಸೆಯೂ ಆಯಿತು. ರಾತ್ರಿಯ ಜೋಮು ವಾರದೊಳಗೆ ಹೋಯಿತು. ಇಳಿದ ಮಾಂಸ ಮಾತ್ರ ಇಂದಿಗೂ ತುಂಬಿಲ್ಲ.

ಆ ಮೊದಲ ಮೂವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಹೊರಗೆ ನಲವತ್ತು ಜನ ಕಾದಿರುವಾಗ ಒಂದು ಕೈಗೆ ಒಂದು ನಿಮಿಷ ಬಹಳ ಹೊತ್ತೇ. ಆದರೆ ಹತ್ತು ಹುಡುಗರು ಮಣ್ಣು ಹಿಸುಕಿದ ಹಾಗೆ ಆಯಿತು, ಅಷ್ಟು ಮಾತ್ರ ನಿಜ.

ಈ ಕಾಯಿಲೆ ಏನೆಂದು ಸ್ವಲ್ಪ ತಿಳಿಯೋಣ. ನಮ್ಮ ಅಂಗೈಯ ಬುಡದಲ್ಲಿ, ಮಣಿಕಟ್ಟಿನ ಮೂಳೆಗಳ ಮೇಲೆ, ಒಂದು ಗಟ್ಟಿ ಪಟ್ಟಿ ಮುಚ್ಚಿದ ಸಣ್ಣ ತೂಬಿನಂತಹ ದಾರಿ ಇದೆ. ಬೆರಳು ಮಡಿಸುವ ಒಂಬತ್ತು ಹುರಿಗಳೂ, ಅವುಗಳ ಜೊತೆ ಒಂದೇ ಒಂದು ನರವೂ ಅದರೊಳಗೆ ಹಾಯಬೇಕು. ಹುರಿಗಳ ಸುತ್ತಲಿನ ಪೊರೆ ದಪ್ಪವಾದರೆ ತೂಬು ಹಿಗ್ಗುವುದಿಲ್ಲ, ಮೆತ್ತಗಿರುವ ನರವೇ ಅಪ್ಪಚ್ಚಿಯಾಗುತ್ತದೆ. ಆ ನರ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ ಭಾಗ, ಇಷ್ಟಕ್ಕೆ ಸ್ಪರ್ಶ ಕೊಡುತ್ತದೆ. ಕಿರುಬೆರಳಿನ ನರ ಬೇರೆ ದಾರಿಯಲ್ಲಿ ಹೋಗುತ್ತದೆ. 1981ರಲ್ಲಿ ಅಮೆರಿಕದ ವೈದ್ಯರು ಈ ತೂಬಿನೊಳಗೇ ಸಣ್ಣ ನಳಿಕೆ ಇಳಿಸಿ ಒತ್ತಡವನ್ನು ಅಳೆದರು. ಆರೋಗ್ಯವಂತರಲ್ಲಿ ಕೈ ನೇರವಾಗಿರುವಾಗ ಅದು ಸರಾಸರಿ ಎರಡೂವರೆ ಮಿಲಿಮೀಟರು ಪಾದರಸದಷ್ಟು; ರೋಗಿಗಳಲ್ಲಿ 32. ಮಣಿಕಟ್ಟು ಮಡಿಸಿದರೆ ಆರೋಗ್ಯವಂತರಲ್ಲಿ 31, ರೋಗಿಗಳಲ್ಲಿ 94. ಮಲಗಿದಾಗ ನಮಗರಿಯದೆ ಕೈ ಮಡಿಸಿಕೊಂಡಿರುತ್ತೇವೆ. ರಾತ್ರಿಯೇ ಏಕೆ ಜೋಮು ಎಂಬುದಕ್ಕೆ ಇದೊಂದು ಕಾರಣ. ಬಲ ಹಾಕಿ ಹಿಡಿಯುವ ಕೆಲಸವನ್ನು ಮತ್ತೆ ಮತ್ತೆ ಮಾಡುವವರಿಗೆ, ಬಸುರಿಯರಿಗೆ, ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ, ಕೀಲುವಾತ ಇರುವವರಿಗೆ ಇದು ಹೆಚ್ಚು.

ಈಗ ಪರೀಕ್ಷೆಗಳಿಗೆ ಬರೋಣ. ತಟ್ಟಿ ನೋಡುವ ಪರೀಕ್ಷೆಗೆ ಟಿನೆಲ್ ಎಂಬ ಫ್ರೆಂಚ್ ವೈದ್ಯರ ಹೆಸರಿದೆ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಗಾಯಗೊಂಡ ಸೈನಿಕರ ಕಡಿದ ನರ ಮತ್ತೆ ಬೆಳೆಯುತ್ತಿದೆಯೇ ಎಂದು ತಿಳಿಯಲು ಅವರು ಇದನ್ನು ಬರೆದರು. ಅದೇ ವರ್ಷ ಎದುರು ಪಕ್ಷದ ಜರ್ಮನಿಯಲ್ಲಿ ಹಾಫ್‌ಮನ್ ಎಂಬುವರೂ ಅದನ್ನೇ ಬರೆದರು. ಟಿನೆಲ್ ಅದಕ್ಕೆ ಕೊಟ್ಟ ಹೆಸರಿನ ಅರ್ಥ ಇರುವೆ ಹರಿದಾಡಿದಂತೆ ಎಂದು. ನಮ್ಮ ತಾಯಂದಿರೂ ಇರುವೆ ಹರಿದ ಹಾಗೆ ಎಂದೇ ಅಲ್ಲವೇ ಹೇಳುವುದು! ಮಣಿಕಟ್ಟಿನ ಈ ಕಾಯಿಲೆಗೆ ಆ ಪರೀಕ್ಷೆ ಬಂದದ್ದು ಆಮೇಲೆ. ಅದರ ದೋಷ ತಮಗೆ ಆಗಲೇ ತಿಳಿದಿದೆ: ಎಷ್ಟು ಬಲವಾಗಿ ತಟ್ಟಬೇಕು? ಮೆಲ್ಲಗೆ ತಟ್ಟಿದರೆ ಕಾಯಿಲೆಯ ಕೈಯೂ ಸುಮ್ಮನಿರುತ್ತದೆ, ಜೋರಾಗಿ ಹೊಡೆದರೆ ಒಳ್ಳೆಯ ಕೈಯೂ ಜುಮ್ಮೆನ್ನುತ್ತದೆ.

ಕೈ ಮಡಿಸುವ ಪರೀಕ್ಷೆ ಅಮೆರಿಕದ ಫೇಲನ್ ಎಂಬ ವೈದ್ಯರದು. ಅವರು 1966ರಲ್ಲಿ, ಹದಿನೇಳು ವರ್ಷಗಳಲ್ಲಿ ತಾವು ಕಂಡ 654 ಕೈಗಳ ಲೆಕ್ಕವನ್ನು ಪ್ರಕಟಿಸಿದರು. ಇದಕ್ಕೆ ಗಡಿಯಾರ ಇಟ್ಟುಕೊಂಡರೆ ಅರ್ಧ ಜಗಳ ತೀರಿತು. 60 ಸೆಕೆಂಡಿನೊಳಗೆ ಬಂತೇ, ಬಂದರೆ ಎಷ್ಟನೆಯ ಸೆಕೆಂಡಿಗೆ, ಯಾವ ಬೆರಳಿಗೆ? "ಬಂತು" ಎಂದು ಮಾತ್ರ ಬರೆದರೆ ಅದು ಮಾತು. "22 ಸೆಕೆಂಡು, ನಡುಬೆರಳು" ಎಂದು ಬರೆದರೆ ಮೂರು ತಿಂಗಳ ಮೇಲೆ ಬೇರೆ ಡಾಕ್ಟರೂ ಅದನ್ನು ತಮ್ಮ ಲೆಕ್ಕದ ಪಕ್ಕದಲ್ಲಿಟ್ಟು ನೋಡಬಹುದು.

1991ರಲ್ಲಿ ಡರ್ಕನ್ ಎಂಬುವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ತೂಬಿನ ಮೇಲೆಯೇ ಹೆಬ್ಬೆರಳಿನಿಂದ 30 ಸೆಕೆಂಡು ಒತ್ತಿ ಹಿಡಿಯುವುದು. ಆದರೆ ಒತ್ತುವ ಹೆಬ್ಬೆರಳಿನ ಬಲವೂ ಒಬ್ಬೊಬ್ಬರದು ಒಂದೊಂದು ತೆರ. ಅದಕ್ಕೆ ಅವರು, ರಕ್ತದೊತ್ತಡ ನೋಡುವ ಯಂತ್ರದ ಮಾಪಕಕ್ಕೆ ರಬ್ಬರಿನ ಬುರುಡೆ ಜೋಡಿಸಿ, ಅದರಿಂದ ಒತ್ತಿ, 150 ಮಿಲಿಮೀಟರಿನ ಗೆರೆಗೆ ಮುಳ್ಳು ಬರುವಂತೆ ಹಿಡಿಯುವ ಕ್ರಮವನ್ನೂ ತೋರಿಸಿದರು. ಎಷ್ಟು ಸರಳ ನೋಡಿ! ಪ್ರತಿ ಆರೋಗ್ಯ ಕೇಂದ್ರದಲ್ಲಿ ಇರುವ ಯಂತ್ರವೇ ಅದು. ಅವರು ಪರೀಕ್ಷಿಸಿದ 46 ಕೈಗಳಲ್ಲಿ ನೂರಕ್ಕೆ 87ರ ಲೆಕ್ಕದಲ್ಲಿ ಕಾಯಿಲೆ ಪತ್ತೆಯಾಯಿತು. ಮುಂದೆ ಬೇರೆಯವರು ಮಾಡಿದಾಗ ಎಲ್ಲೆಡೆಯೂ ಅದೇ ಅಂಕಿ ಬರಲಿಲ್ಲ. ಒಂದು ತಾಕಿನ ಇಳುವರಿಯನ್ನು ನಂಬಿ ಇಡೀ ತಾಲ್ಲೂಕಿಗೆ ಬೀಜ ಹಂಚಬಾರದೆಂದು ನಮಗೂ ಪಾಠ ಹೇಳಿಲ್ಲವೇ, ಹಾಗೆ. ಆದುದರಿಂದ ತಿಳಿದವರು ಒಂದೇ ಪರೀಕ್ಷೆಯನ್ನು ನಂಬದೆ ಎರಡು ಮೂರನ್ನು ಸೇರಿಸಿ ನೋಡುತ್ತಾರೆ.

ಸ್ಪರ್ಶ ನೋಡುವ ವಿಧಾನದ ಕಥೆ ಇನ್ನೂ ಸ್ವಾರಸ್ಯವಾಗಿದೆ. ಹತ್ತಿಯಿಂದ ಸವರಿ "ತಿಳಿಯುತ್ತದೆಯೇ" ಎನ್ನುವುದು ಹಳೆಯ ರೂಢಿ. ಎಷ್ಟು ಹತ್ತಿ, ಎಷ್ಟು ಒತ್ತು, ಯಾರು ಬಲ್ಲರು? 1890ರ ದಶಕದಲ್ಲಿ ಫಾನ್ ಫ್ರೈ ಎಂಬ ಜರ್ಮನ್ ವಿಜ್ಞಾನಿ ಕುದುರೆಯ ಕೂದಲನ್ನು ಕಡ್ಡಿಗೆ ಅಂಟಿಸಿಕೊಂಡು ಇದಕ್ಕೆ ಉಪಾಯ ಹುಡುಕಿದರು. ಕೂದಲಿನ ತುದಿಯನ್ನು ಚರ್ಮದ ಮೇಲೆ ನೇರವಾಗಿ ಒತ್ತಿದರೆ, ಒಂದು ಮಿತಿಗೆ ಬಂದೊಡನೆ ಅದು ಬಾಗುತ್ತದೆ. ಆಮೇಲೆ ಒತ್ತುವವನು ಭೀಮನಾದರೂ ಸರಿಯೇ, ಕೂದಲು ಇನ್ನಷ್ಟು ಬಾಗುವುದೇ ಹೊರತು ಚರ್ಮಕ್ಕೆ ಹೆಚ್ಚು ಬಲ ತಗಲುವುದಿಲ್ಲ. ಇಡೀ ವಿಷಯದಲ್ಲಿ ನನಗೆ ಬಹಳ ಹಿಡಿಸಿದ ಉಪಾಯ ಇದು. ನೋಡುವವನ ಕೈಯ ಬಲವನ್ನು ಕೂದಲೇ ಕತ್ತರಿಸಿ ಹಾಕುತ್ತದೆ! 1960ರಲ್ಲಿ ಸೆಮ್ಸ್ ಮತ್ತು ವೈನ್‌ಸ್ಟೈನ್ ಎಂಬುವರು ಕೂದಲಿನ ಬದಲು ನೈಲಾನ್ ಎಳೆಗಳ ಒಂದು ಸಾಲನ್ನೇ ಬಳಕೆಗೆ ತಂದರು. ದಪ್ಪ ಹೆಚ್ಚಿದಂತೆ ಬಾಗಲು ಬೇಕಾದ ಬಲವೂ ಹೆಚ್ಚು. ಆರೋಗ್ಯವಾದ ಬೆರಳ ತುದಿ ಸುಮಾರು 0.07 ಗ್ರಾಂ ಬಲದ ಎಳೆಯನ್ನು ಗುರುತಿಸುತ್ತದೆ. 2 ಗ್ರಾಮಿನ ಎಳೆಯೂ ತಿಳಿಯದಿದ್ದರೆ, ಬಿಸಿ ಪಾತ್ರೆ, ಕುಡುಗೋಲಿನ ಅಲಗು ಇವುಗಳಿಂದ ಕೈಯನ್ನು ಕಾಯುವ ಸ್ಪರ್ಶವೇ ಕುಂದಿದೆ ಎಂದು ಲೆಕ್ಕ. ಇಲ್ಲಿ ನಮ್ಮವರ ವಿಷಯದಲ್ಲಿ ಒಂದು ಎಚ್ಚರ ಬೇಕು. ಗುದ್ದಲಿ ಹಿಡಿದು ದಡ್ಡುಗಟ್ಟಿದ ಬೆರಳಿಗೆ ತೆಳುವಾದ ಎಳೆ ತಿಳಿಯದೆ ಹೋಗಬಹುದು, ಅದು ನರದ ದೋಷವಲ್ಲ. ಅದಕ್ಕೇ ಅದೇ ಕೈಯ ಕಿರುಬೆರಳಿನೊಡನೆ, ಇನ್ನೊಂದು ಕೈಯೊಡನೆ ಹೋಲಿಸಿ ನೋಡಬೇಕು.

ಕೈವಾರದ ಎರಡು ಮೊನೆಗಳನ್ನು ಬೆರಳ ತುದಿಗೆ ತಾಗಿಸಿ, ಒಂದೋ ಎರಡೋ ಎಂದು ಕೇಳುವ ಪರೀಕ್ಷೆ 1834ರಷ್ಟು ಹಳೆಯದು. ಮೊನೆಗಳ ನಡುವೆ 6 ಮಿಲಿಮೀಟರಿಗಿಂತ ಕಡಿಮೆ ಅಂತರವಿದ್ದರೂ ಎರಡೆಂದು ಹೇಳಬಲ್ಲ ಬೆರಳು ಸರಿಯಾಗಿದೆ ಎನ್ನುತ್ತಾರೆ. ಸ್ನಾಯುವಿನ ಬಲಕ್ಕೆ ಸೊನ್ನೆಯಿಂದ ಐದರವರೆಗಿನ ಅಂಕ ಇದೆ. ಇದು 1943ರಲ್ಲಿ ಬ್ರಿಟನ್ನಿನಲ್ಲಿ ಹೊರಟ ಕ್ರಮ. ಅಂಗೈ ಮೇಲೆ ಮಾಡಿ ಹೆಬ್ಬೆರಳನ್ನು ಮೇಲಕ್ಕೆ ಎತ್ತಿಸಿ, ಎದುರು ಒತ್ತಿ ನೋಡುತ್ತಾರೆ. ನಾಲ್ಕೋ ಐದೋ ಎಂಬಲ್ಲಿ ಮತ್ತೆ ಜಗಳವೇ. ಅದಕ್ಕೆ ಹಿಡಿತದ ಬಲವನ್ನು ಕಿಲೋಗ್ರಾಮಿನಲ್ಲಿ ತೋರಿಸುವ ಮಾಪಕ ಬಂದಿದೆ. ಮೊಣಕೈ ಚಚ್ಚೌಕ ಮಡಿಸಿ, ಮೂರು ಸಲ ಹಿಡಿಸಿ, ಸರಾಸರಿ ತೆಗೆಯುತ್ತಾರೆ.

ಇಷ್ಟೆಲ್ಲಾ ಆದರೂ "ತಿಳಿಯಿತು", "ಬಂತು" ಎನ್ನುವುದು ರೋಗಿಯ ಬಾಯಿಯೇ. ಈ ತೊಡಕನ್ನು ಕಂಡು ಸ್ವೀಡನ್ನಿನ ಮೋಬರ್ಗ್ ಎಂಬ ಶಸ್ತ್ರವೈದ್ಯರು 1958ರಲ್ಲಿ, ರೋಗಿಯನ್ನು ಏನೂ ಕೇಳದೆಯೇ ನೋಡುವ ಒಂದು ದಾರಿ ಬರೆದರು. ನರ ಸತ್ತ ಬೆರಳು ಬೆವರುವುದಿಲ್ಲ. ಬೆರಳನ್ನು ಕಾಗದಕ್ಕೆ ಒತ್ತಿಸಿ ನಿನ್‌ಹೈಡ್ರಿನ್ ಎಂಬ ಔಷಧ ಹಾಕಿದರೆ ಬೆವರಿದ ಬೆರಳಿನ ಗುರುತು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಸತ್ತದ್ದರ ಜಾಗ ಖಾಲಿ ಉಳಿಯುತ್ತದೆ. 1973ರಲ್ಲಿ ಐರ್ಲೆಂಡಿನ ಓರಿಯನ್ ಎಂಬ ವೈದ್ಯರು ಮತ್ತೊಂದನ್ನು ಗಮನಿಸಿದರು: ನರ ಕಡಿದ ಬೆರಳು ನೀರಿನಲ್ಲಿ ನೆನೆದರೆ ಸುಕ್ಕುಗಟ್ಟುವುದಿಲ್ಲ. ನಾಟಿಗದ್ದೆಯಲ್ಲಿ ನಿಂತವರ ಬೆರಳೆಲ್ಲಾ ಸುಕ್ಕಾಗುವುದನ್ನು ನಾವು ಪ್ರತಿ ಮಳೆಗಾಲ ಕಾಣುತ್ತೇವೆ, ಅದು ನರದ ಕೆಲಸವೆಂದು ನಮಗೇನು ಗೊತ್ತು! ಆದರೆ ತಪ್ಪು ತಿಳಿಯಬೇಡಿ. ಇವೆರಡೂ ನರ ಕಡಿದಾಗ ಚೆನ್ನಾಗಿ ತೋರುತ್ತವೆ. ಬರಿಯ ಒತ್ತಡದಲ್ಲಿ, ಅದರಲ್ಲೂ ಆರಂಭದಲ್ಲಿ, ಬೆವರೂ ಬರುತ್ತದೆ, ಸುಕ್ಕೂ ಬೀಳುತ್ತದೆ. ಸುಕ್ಕು ಬಿತ್ತು, ಇನ್ನೇನೂ ಭಯವಿಲ್ಲ ಎಂದು ಮನೆಯಲ್ಲಿ ಕೂರಬಾರದು. ದೊಡ್ಡ ಆಸ್ಪತ್ರೆಗಳಲ್ಲಿ ವಿದ್ಯುತ್ತಿನಿಂದ ನರದ ವೇಗವನ್ನು ಅಳೆಯುವ ಯಂತ್ರವಿದೆ. ಈ ಕಾಯಿಲೆಯಲ್ಲಿ ವೇಗ ತಗ್ಗುವುದನ್ನು 1956ರಲ್ಲಿಯೇ ತೋರಿಸಿದ್ದಾರೆ. ಅದೂ ಕೆಲವು ಸಲ, ಕಾಯಿಲೆ ಇದ್ದರೂ, ಸರಿಯಾಗಿದೆ ಎಂದು ಹೇಳುವುದುಂಟು.

ಹೀಗಾಗಿ ನಮ್ಮ ಬಾಯಿಯೂ ಈ ಪರೀಕ್ಷೆಯ ಒಂದು ಸಾಧನವೇ ಆಯಿತು. ಆ ಸಾಧನ ಎಷ್ಟು ನೆಟ್ಟಗಿದೆ? ಸ್ವಲ್ಪ ಖಾರವಾಗಿ ಹೇಳಿದರೆ ಕ್ಷಮಿಸಬೇಕು. ದೊಡ್ಡವರು ಕೇಳಿದರೆ ಇಲ್ಲವೆನ್ನಬಾರದೆಂಬುದು ನಮ್ಮ ಹಳ್ಳಿಯ ಮರ್ಯಾದೆ. ಡಾಕ್ಟರು "ಇಲ್ಲಿ ಜುಮ್ಮೆನ್ನುತ್ತದೆ ಅಲ್ಲವೇನಮ್ಮ?" ಎಂದರೆ "ಹೂಂ ಸ್ವಾಮಿ" ಎನ್ನುತ್ತೇವೆ. "ನೋವೇನೂ ಇಲ್ಲ ತಾನೆ?" ಎಂದರೆ ಅದಕ್ಕೂ "ಹೂಂ." ನನ್ನ ತಾಯಿಯೂ ಹೀಗೆ ಮಾಡಿದರು. ಮೂರನೆಯ ಡಾಕ್ಟರು ಅವಸರದಲ್ಲಿದ್ದಾರೆಂದು ತಿಳಿದು, ಬೆರಳು ಜುಮುಗುಟ್ಟಲು ಆರಂಭವಾದರೂ ಸುಮ್ಮನಿದ್ದೆ ಎಂದು ಎರಡು ವರ್ಷದ ಮೇಲೆ ನನಗೆ ಹೇಳಿದರು! ಆದುದರಿಂದ ನಾಲ್ಕನೆಯವರು ಮಾಡಿದ ಇನ್ನೊಂದು ಕೆಲಸವನ್ನೂ ತಿಳಿಸುತ್ತೇನೆ. ಎಳೆ ತಾಗಿಸುವಾಗ ಕಣ್ಣು ಮುಚ್ಚಿಸಿದರು. "ತಿಳಿಯಿತೇ" ಎಂದು ಕೇಳಲಿಲ್ಲ, "ತಾಗಿದಾಗ ಬೆರಳಿನ ಹೆಸರು ಹೇಳಿ" ಎಂದರು. ನಡುನಡುವೆ ತಾಗಿಸದೆಯೂ ಸುಮ್ಮನೆ ಕಾದರು. ಏನೂ ತಾಗದಿದ್ದಾಗಲೂ ಹೆಸರು ಹೇಳಿದರೆ ಊಹೆ ಎಂದು ಗೊತ್ತಾಗುತ್ತದೆ. ಯಾವ ಕೈಗೆ ಕಾಯಿಲೆ ಎಂದು ಕೇಳುವ ಮೊದಲೇ ಎರಡೂ ಕೈ ನೋಡಿದರು. ನಮ್ಮ ಡೈರಿಯಲ್ಲಿ ಯಾರ ಮನೆಯ ಹಾಲೆಂದು ಗೊತ್ತಿಲ್ಲದೆ ಡಿಗ್ರಿ ನೋಡಿದರೆ ಹೇಗೋ ಹಾಗೆ.

ಇನ್ನು ನಾವು ಮನೆಯಲ್ಲಿ ಮಾಡಬಹುದಾದದ್ದು. ಒಂದು ಹಾಳೆಯ ಮೇಲೆ ಕೈಯನ್ನಿಟ್ಟು ಸುತ್ತ ಗೆರೆ ಎಳೆಯಿರಿ, ಮಕ್ಕಳು ಸಂತೋಷದಿಂದ ಎಳೆದುಕೊಡುತ್ತಾರೆ. ಜೋಮು ಬಂದಾಗ ಯಾವ ಭಾಗವೋ ಅಲ್ಲಿಗೆ ಬಣ್ಣ ತುಂಬಿ. ವೈದ್ಯರೂ 1990ರಿಂದೀಚೆಗೆ ಇಂತಹ ಚಿತ್ರವನ್ನು ಪರೀಕ್ಷೆಯಲ್ಲಿ ಬಳಸುತ್ತಿದ್ದಾರೆ. ಕಿರುಬೆರಳಿಗೆ ಮಾತ್ರ ಬಣ್ಣ ಬಿದ್ದರೆ ನೋಡಬೇಕಾದ ನರ ಬೇರೆ, ಮೊಣಕೈಯ ಹತ್ತಿರದ್ದು. ವಾರದಲ್ಲಿ ಎಷ್ಟು ರಾತ್ರಿ ಎಚ್ಚರವಾಯಿತು, ಎದ್ದು ಏನು ಮಾಡಿದಿರಿ ಎಂಬುದನ್ನೂ ಹಾಳೆಯ ಬೆನ್ನಿಗೆ ಬರೆಯಿರಿ. ಕೈ ಕೊಡವುತ್ತೇವೆ ಎಂಬ ಮಾತೇ ಡಾಕ್ಟರಿಗೆ ಒಂದು ಗುರುತು. ಸುತ್ತಿಗೆ ತೆಗೆದುಕೊಂಡು ನೀವೇ ಹೊಡೆದುಕೊಳ್ಳಬೇಡಿ. ಎಲ್ಲರೂ ನಗುತ್ತಿದ್ದೀರಿ, ಆದರೆ ಒಬ್ಬರು ನಿಜವಾಗಿಯೂ ಹಾಗೆ ಮಾಡಿಕೊಂಡಿದ್ದರು!

ಜೋಮಿನ ಬದಲು ಸ್ಪರ್ಶವೇ ಇಲ್ಲದ, ಬಣ್ಣ ಮಾಸಿದ ಮಚ್ಚೆ ಮೈಮೇಲೆ ಇದ್ದರೆ ಅದು ಬೇರೆ ಮಾತು, ಕುಷ್ಠವಿರಬಹುದು. ಅದರಲ್ಲಿಯೂ ನರ ಕೆಡುತ್ತದೆ. ಆಶಾ ಕಾರ್ಯಕರ್ತೆಯರಿಗೆ ತೋರಿಸಿ, ಔಷಧ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ, ಪೂರ್ತಿ ವಾಸಿಯಾಗುತ್ತದೆ. ಮುಚ್ಚಿಡಬೇಡಿ.

ಮಣಿಕಟ್ಟಿನ ಕಾಯಿಲೆಗೆ ಮೊದಲಲ್ಲೇ ಹೋದರೆ, ರಾತ್ರಿ ಮಲಗುವಾಗ ಮಣಿಕಟ್ಟು ನೇರವಾಗಿರುವಂತೆ ಪಟ್ಟಿ ಕಟ್ಟುವುದರಿಂದಲೇ ಎಷ್ಟೋ ಜನರಿಗೆ ಗುಣ ಕಾಣುತ್ತದೆ. ಸಾಲದಿದ್ದರೆ ಚುಚ್ಚುಮದ್ದು, ಅದೂ ಸಾಲದಿದ್ದರೆ ಆ ಮುಚ್ಚಿದ ಪಟ್ಟಿಯನ್ನು ಕತ್ತರಿಸಿ ನರಕ್ಕೆ ಜಾಗ ಮಾಡುವುದು. ಯಾವುದು ಯಾರಿಗೆ ಎಂಬುದು ಡಾಕ್ಟರ ತೀರ್ಮಾನ. ಹೆಬ್ಬೆರಳ ಬುಡ ಇಳಿಯತೊಡಗಿದ್ದರೆ ಒಂದು ವಾರವೂ ಕಾಯಬಾರದು.

ನಮ್ಮ ತಾಯಿಯ ಎಡಗೈಗೂ ಈಗ ಜೋಮು ಆರಂಭವಾಗಿದೆ. ಈ ಸಲ ಲೆಕ್ಕ ಇಟ್ಟಿದ್ದೇವೆ. ಡಾಕ್ಟರು ಯುಗಾದಿಯ ಹೊತ್ತಿಗೆ ನೋಡಿದಾಗ 31ನೆಯ ಸೆಕೆಂಡಿಗೆ ಜುಮ್ಮೆಂದಿತ್ತು. ರಾತ್ರಿ ಪಟ್ಟಿ ಕಟ್ಟಿ ಮಲಗಿ, ಒಂದು ಎಮ್ಮೆಯನ್ನು ಕರೆಯುವ ಕೆಲಸವನ್ನು ನನ್ನ ತಮ್ಮ ವಹಿಸಿಕೊಂಡ ಮೇಲೆ, ಕಳೆದ ಸೋಮವಾರ ಅದು 48 ಆಯಿತು. ಹೆಬ್ಬೆರಳ ಬುಡ ತುಂಬಿಕೊಂಡೇ ಇದೆ. ಹಾಳೆಯನ್ನು ಅಮ್ಮ ಪಂಚಾಂಗದ ಜೊತೆ ಮೊಳೆಗೆ ನೇತು ಹಾಕಿದ್ದಾರೆ.

ಕೈ ಬರೆದುಕೊಳ್ಳಲು ಹಾಳೆಗಳನ್ನು ತಂದಿದ್ದೇನೆ, ಹೋಗುವಾಗ ಬಾಗಿಲ ಬಳಿ ತೆಗೆದುಕೊಳ್ಳಿ. ಮುಂದಿನ ಸಭೆಯಲ್ಲಿ ಸಸಿಮಡಿ, ತಪ್ಪದೆ.